ಕನ್ನಡಿಯ ಮುಂದೆ ನಾಲ್ಕು ತಾಲ್ಲೂಕು



ದತ್ತಿ ಉಪನ್ಯಾಸ ಎಂದರೆ ವಚನ, ದಾಸಸಾಹಿತ್ಯ, ಜನಪದ ಗೀತೆ ಎಂಬ ರೂಢಿ ನಮ್ಮಲ್ಲಿದೆ. ಡ್ರಾಯಿಂಗ್ ಕಲಿಸುವವರನ್ನು ಇಂಥ ಸಭೆಗೆ ಕರೆಯುವುದು ಬ್ಯಾನರ್ ಬರೆಸಲು, ರಂಗೋಲಿ ಸ್ಪರ್ಧೆಗೆ ನಂಬರು ಹಾಕಿಸಲು. ಮಾತಾಡಲು ಕರೆದಿದ್ದೀರಿ, ಆದ್ದರಿಂದ ನನ್ನ ಕಸುಬಿನ ಮಾತನ್ನೇ ಆಡುತ್ತೇನೆ. ತನ್ನ ಮುಖವನ್ನು ತಾನೇ ಬರೆಯುವುದು, ಅಂದರೆ ಆತ್ಮಚಿತ್ರ, ಇಂದಿನ ವಿಷಯ.

ಆತ್ಮಚಿತ್ರದಲ್ಲಿ ವ್ಯಕ್ತಿತ್ವ ಮೂಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ವ್ಯಕ್ತಿತ್ವ ಎಂಬುದು ಒಳಗೆ ಸಿದ್ಧವಾಗಿ ಕುಳಿತಿದ್ದು, ಪೆನ್ಸಿಲ್ ಹಿಡಿದೊಡನೆ ಕಾಗದಕ್ಕೆ ಇಳಿಯುತ್ತದೆ ಎಂಬ ನಂಬಿಕೆ ನನಗಿಲ್ಲ. ನೋಡಿದ್ದರಲ್ಲಿ ಯಾವುದರ ಮೇಲೆ ಕಣ್ಣು ನಿಂತಿತು, ಎಷ್ಟು ಹೊತ್ತು ನಿಂತಿತು, ಯಾವುದನ್ನು ಕೈ ಬಿಟ್ಟುಬಿಟ್ಟಿತು ಎಂಬುದರಲ್ಲೇ ಅದು ತಯಾರಾಗುತ್ತದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ನಮ್ಮ ಈ ಸೀಮೆಗೆ ಇನ್ನೊಂದು ಮಾತನ್ನೂ ಸೇರಿಸಬೇಕು. ಇಲ್ಲಿನ ಜನರನ್ನು ಹೊರಗಿನವರು ಬಹಳ ಕಾಲದಿಂದ ನೋಡಿದ್ದಾರೆ, ಅಳೆದಿದ್ದಾರೆ, ಬರೆದಿದ್ದಾರೆ, ಫೋಟೊ ಹೊಡೆದಿದ್ದಾರೆ. ಇಲ್ಲಿಯ ಮಗುವೊಂದು ಕನ್ನಡಿ ಹಿಡಿದು ಕುಳಿತರೆ ಆ ಎಲ್ಲ ನೋಟಗಳೂ ಅದರ ಬೆನ್ನ ಹಿಂದೆ ನಿಂತಿರುತ್ತವೆ.

ಮೊದಲು ದೊಡ್ಡವರ ಸುದ್ದಿಯನ್ನು ಬೇಗ ಮುಗಿಸುತ್ತೇನೆ. ಡಚ್ ಚಿತ್ರಕಾರ ರೆಂಬ್ರಾಂಟ್ ತನ್ನ ಮುಖವನ್ನು ಸುಮಾರು 80 ಸಲ ಬರೆದ. ವಯಸ್ಸಾದ ಮೇಲಿನ ಚಿತ್ರಗಳನ್ನು ತೋರಿಸಿ ‘ಆತ್ಮದ ಆಳ’ ಎಂದೆಲ್ಲ ಹೇಳುವುದುಂಟು. ಆದರೆ 1630ರ ಸುಮಾರಿಗೆ, ಇಪ್ಪತ್ತರ ಆಚೀಚೆಯ ವಯಸ್ಸಿನಲ್ಲಿ, ಅವನು ತಾಮ್ರದ ತಗಡಿನ ಮೇಲೆ ಗೀಚಿದ ಅಂಚೆಚೀಟಿಗಿಂತ ತುಸು ದೊಡ್ಡ ಮುಖಗಳನ್ನು ನೋಡಿ. ಒಂದರಲ್ಲಿ ಬಾಯಿ ತೆರೆದು ಕಣ್ಣರಳಿಸಿದ್ದಾನೆ, ಇನ್ನೊಂದರಲ್ಲಿ ಹುಬ್ಬು ಗಂಟಿಕ್ಕಿದ್ದಾನೆ, ಮತ್ತೊಂದರಲ್ಲಿ ಹಲ್ಲು ಕಿರಿದಿದ್ದಾನೆ. ಕನ್ನಡಿಯ ಮುಂದೆ ನಟನೆ ಮಾಡಿ ಸಿಟ್ಟು ಹೇಗಿರುತ್ತದೆ, ಬೆರಗು ಹೇಗಿರುತ್ತದೆ ಎಂದು ಅಭ್ಯಾಸ ಮಾಡುತ್ತಿದ್ದ. ಅವನಿಗೆ ಆಗ ಬೇಕಾಗಿದ್ದದ್ದು ದುಡ್ಡು ಕೇಳದ ಒಂದು ಮಾಡೆಲ್. ವಾನ್ ಗೋನದೂ ಅದೇ ಕಥೆ. ಮಾಡೆಲ್‌ಗೆ ಕೊಡಲು ಹಣವಿಲ್ಲದೆ 1888ರಲ್ಲಿ ಆರ್ಲ್ ಊರಿನಲ್ಲಿ ಒಳ್ಳೆಯ ಕನ್ನಡಿಯೊಂದನ್ನು ಕೊಂಡ. ಕಿವಿಗೆ ಬ್ಯಾಂಡೇಜು ಕಟ್ಟಿಕೊಂಡ ಆ ಪ್ರಸಿದ್ಧ ಚಿತ್ರದಲ್ಲಿ ಗಾಯ ಬಲಗಿವಿಗೆ ಆದಂತೆ ಕಾಣುತ್ತದೆ. ಕೊಯ್ದುಕೊಂಡಿದ್ದು ಎಡಗಿವಿ. ಕನ್ನಡಿ ತೋರಿಸಿದ್ದನ್ನು ಅವನು ಹಾಗೆಯೇ ಬರೆದ.

ಕನ್ನಡಿಯ ಇನ್ನೊಂದು ಕರಾಮತ್ತು ಮಕ್ಕಳಿಗೆ ಇಷ್ಟ. ಸ್ನಾನದ ಮನೆಯ ಕನ್ನಡಿ ಹಬೆಗೆ ಮಸುಕಾದಾಗ ಒಂದು ಕಣ್ಣು ಮುಚ್ಚಿ, ಕಾಣುವ ಮುಖದ ಸುತ್ತ ಬೆರಳಲ್ಲಿ ಗೆರೆ ಎಳೆಯಿರಿ. ಆಮೇಲೆ ಅಳೆಯಿರಿ. ಗೆರೆಯೊಳಗಿನ ಮುಖ ನಿಮ್ಮ ಮುಖದ ಅರ್ಧದಷ್ಟೇ ಇರುತ್ತದೆ. ಹತ್ತಿರ ನಿಂತರೂ ಅರ್ಧ, ದೂರ ಸರಿದರೂ ಅರ್ಧ. ಕನ್ನಡಿಯೊಳಗಿನ ನೀವು ಗಾಜಿನ ಹಿಂದೆ ಅಷ್ಟೇ ದೂರದಲ್ಲಿ ನಿಂತಿರುವುದರಿಂದ ಗಾಜು ಯಾವಾಗಲೂ ನಟ್ಟನಡುವೆ ಬೀಳುತ್ತದೆ, ಅದಕ್ಕೇ ಹೀಗೆ. ದಿನವೂ ನೋಡುವ ಮುಖದ ಅಳತೆಯೇ ನಮಗೆ ಗೊತ್ತಿರುವುದಿಲ್ಲ. ಕಣ್ಣಿನ ಸ್ಥಾನವೂ ಹಾಗೆಯೇ. ನೂರಕ್ಕೆ ತೊಂಬತ್ತು ಮಕ್ಕಳು ಕಣ್ಣನ್ನು ಹಣೆಯ ಜಾಗದಲ್ಲಿ ಬರೆಯುತ್ತಾರೆ. ನಿಜದಲ್ಲಿ ನೆತ್ತಿಯಿಂದ ಗದ್ದದವರೆಗಿನ ಉದ್ದದ ನಡುಮಧ್ಯೆ ಕಣ್ಣಿದೆ. ಹಣೆಯಲ್ಲಿ, ತಲೆಯಲ್ಲಿ ನೋಡುವಂಥದ್ದು ಏನಿದೆ ಎಂದು ಮನಸ್ಸು ಅದನ್ನು ಕತ್ತರಿಸಿಬಿಡುತ್ತದೆ.

ಈಗ ನಮ್ಮ ತರಗತಿಗೆ ಬರೋಣ. ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ಕೂರಿಸಿದವರಿಗೆ ಗೊತ್ತು: ವಸ್ತುಚಿತ್ರ, ನಿಸರ್ಗಚಿತ್ರ, ವಿನ್ಯಾಸ. ತಂಬಿಗೆ, ಬದನೆಕಾಯಿ, ದಾಸವಾಳ ಬರೆದು ಕೈ ಪಳಗುತ್ತದೆ. ನಿನ್ನನ್ನು ನೀನು ಬರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಕೇಳುತ್ತಿದ್ದೆ.

ಹಳಿಯಾಳ ಕಡೆಯ ಒಂದು ಶಾಲೆ. ಸಿದ್ದಿ ಸಮುದಾಯದ ಹುಡುಗಿ, ಏಳನೆಯ ಇಯತ್ತೆ. ಬಣ್ಣದ ಡಬ್ಬಿ ತೆರೆದು ನನ್ನ ಮೇಜಿಗೆ ತಂದಳು. ಕರಿ, ಕಂದು, ಹಸಿರು, ನೀಲಿ ಎಲ್ಲ ಕಡ್ಡಿಗಳೂ ಸವೆದು ಬೆರಳ ತುದಿಯಷ್ಟಾಗಿದ್ದವು. ತಿಳಿ ಗುಲಾಬಿಯ ಕಡ್ಡಿಯೊಂದು ಮಾತ್ರ ಅಂಗಡಿಯಿಂದ ತಂದ ದಿನ ಇದ್ದಷ್ಟೇ ಉದ್ದ ಇತ್ತು. ಅದನ್ನು ನಮ್ಮಲ್ಲಿ ಎಲ್ಲರೂ ‘ಮೈಬಣ್ಣ’ ಅನ್ನುತ್ತಾರೆ, ನಾವು ಟೀಚರುಗಳೂ. “ಅಕ್ಕೋರೇ, ಇದು ಯಾರ ಮೈದು?” ಎಂದಳು. ಅಣಕವಿರಲಿಲ್ಲ, ನಿಜವಾಗಿ ತಿಳಿಯಬೇಕಾಗಿತ್ತು. ಅಮೆರಿಕದ ಕ್ರೇಯೋಲಾ ಕಂಪನಿ ಇದೇ ಬಣ್ಣದ ಕಡ್ಡಿಗೆ ‘ಮೈಬಣ್ಣ’ ಎಂದಿದ್ದ ಹೆಸರನ್ನು 1962ರಲ್ಲೇ ತೆಗೆದು ‘ಪೀಚ್’ ಎಂದು ಬದಲಿಸಿತು. ನಮ್ಮ ಸ್ಟೇಷನರಿ ಅಂಗಡಿಯಲ್ಲಿ ಈಗಲೂ ಕೇಳಿದರೆ ಅದೇ ಹೆಸರಿಗೆ ಅದೇ ಕಡ್ಡಿ ಕೈಗೆ ಬರುತ್ತದೆ.

ಅವಳು ಏನು ಮಾಡಿದಳು ಎಂದು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲು ಕಂದು ತೀಡಿದಳು. ಅದರ ಮೇಲೆ ಗಾಢ ನೀಲಿ, ಒತ್ತಿ ಒತ್ತಿ. ಮೇಣ ದಪ್ಪವಾಗಿ ಕೂತ ಮೇಲೆ ಕೆನ್ನೆಯ ಮೂಳೆಯ ಮೇಲೆ, ಮೂಗಿನ ತುದಿಯಲ್ಲಿ ಉಗುರಿನಿಂದ ಕೆರೆದು ನೀಲಿಯ ಕೆಳಗಿನ ಕಂದನ್ನು ಹೊರಗೆ ತಂದಳು. ಕಿಟಕಿಯ ಬೆಳಕು ನಿಜಕ್ಕೂ ಅಲ್ಲೇ ಬೀಳುತ್ತಿತ್ತು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಆಮೇಲೆ ಕೂದಲು. ಪಠ್ಯಪುಸ್ತಕದ ಹುಡುಗಿಯರಿಗೆ ಇರುವಂತೆ ನೇರ ಬೈತಲೆ, ಎರಡು ಜಡೆ ಬರೆಯುತ್ತಾಳೆ ಅಂದುಕೊಂಡೆ. ಸಣ್ಣ ಸಣ್ಣ ಸುರುಳಿ ಸುತ್ತತೊಡಗಿದಳು. ಪೆನ್ಸಿಲಿನ ಸೀಸ ಒತ್ತಿ ಕಾಗದ ಹೊಳೆಯುವ ತನಕ, ಒಂದರ ಪಕ್ಕ ಒಂದು. ಕೂದಲಿಗೇ ಅರ್ಧ ಪೀರಿಯಡ್ಡು ಹೋಯಿತು. ಗಂಟೆ ಹೊಡೆದಾಗ ಒಂದು ಕಿವಿ ಬರೆದಿರಲಿಲ್ಲ, ಕುತ್ತಿಗೆ ಇರಲೇ ಇಲ್ಲ. ಹೋಲಿಕೆ ಬಂದಿತ್ತೇ ಎಂದರೆ, ಸುಮಾರು. ಆದರೆ ಅವಳು ಯಾವುದಕ್ಕೆ ಸಮಯ ಕೊಟ್ಟಳು ಎಂಬುದು ಆ ಶೀಟಿನಲ್ಲಿ ಯಾರಿಗೂ ಕಾಣುವಂತಿತ್ತು. ವ್ಯಕ್ತಿತ್ವ ಎಂದು ನಾನು ಹೇಳುವುದು ಇದನ್ನು.

ಜೋಯಿಡಾದ ಕಾಡಂಚಿನ ಗೌಳಿ ಹುಡುಗನೊಬ್ಬ ಅದೇ ಪಾಠಕ್ಕೆ ಆರು ಎಮ್ಮೆ ಬರೆದು, ಆರಕ್ಕೂ ಬೇರೆ ಬೇರೆ ಕೊಂಬು ಇಟ್ಟು, ಮೂಲೆಯಲ್ಲಿ ಕಡ್ಡಿಯಂಥ ತನ್ನನ್ನು ನಿಲ್ಲಿಸಿದ. ಅದಕ್ಕೂ ನಂಬರು ಕೊಟ್ಟೆ. ಆ ಕೊಂಬುಗಳನ್ನು ನೋಡಿದ್ದರೆ ನೀವೂ ಕೊಡುತ್ತಿದ್ದಿರಿ.

ಬೆನ್ನ ಹಿಂದಿನ ನೋಟಗಳ ಮಾತು ಹೇಳಿದೆನಲ್ಲ. ಆಗಿನ ಬಾಂಬೆ ಪ್ರಾಂತ್ಯದ ಗ್ಯಾಸೆಟಿಯರಿನ 15ನೆಯ ಸಂಪುಟ ನಮ್ಮ ಕೆನರಾ ಜಿಲ್ಲೆಯದು. 1883ರಲ್ಲಿ ಅಚ್ಚಾಯಿತು. ಜಿಲ್ಲೆಯ ಚರಿತ್ರೆ ಬರೆಯುವವರು ಇಂದಿಗೂ ಅದನ್ನು ಬಿಡುವಂತಿಲ್ಲ, ಅಷ್ಟು ಮಾಹಿತಿ ಇದೆ. ಅದರಲ್ಲಿ ಒಂದೊಂದು ಜಾತಿಯನ್ನೂ ಸಾಲಾಗಿ ನಿಲ್ಲಿಸಿ ಮೈಬಣ್ಣ ಎಂಥದ್ದು, ಎತ್ತರ ಎಷ್ಟು, ಉಡುಗೆ ಏನು, ಊಟ ಏನು ಎಂದು ಬರೆಯಲಾಗಿದೆ. ಸಿದ್ದಿಯರೂ ಆ ಸಾಲಿನಲ್ಲಿದ್ದಾರೆ. ಮದರಾಸು ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಇನ್ನೂ ಮುಂದೆ ಹೋಗಿ ಜನರ ಮೂಗು, ತಲೆಬುರುಡೆಗಳನ್ನೇ ಉಪಕರಣ ಹಿಡಿದು ಅಳೆದ. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಅವನು ರಂಗಾಚಾರಿಯವರ ನೆರವಿನಿಂದ ತಂದ ಏಳು ಸಂಪುಟ 1909ರಲ್ಲಿ ಹೊರಬಂದವು. ಆ ಕಾಲ ಹೋಯಿತು ಅಂದುಕೊಳ್ಳಬೇಡಿ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದವರ, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಸಿದ್ದಿಯರು. ಈ ಜಿಲ್ಲೆಯಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ರೆಸಾರ್ಟಿಗೆ ಬರುವ ಪ್ರವಾಸಿಗಳಿಗೆ ಈಗಲೂ ಅವರು ಫೋಟೊ ಹೊಡೆಯುವ ವಸ್ತು. ‘ನೀವು ಯಾವ ದೇಶದವರು’ ಎಂದು ಅವರನ್ನು ಅವರ ಊರಿನಲ್ಲೇ ನಿಲ್ಲಿಸಿ ಕೇಳುತ್ತಾರೆ. ಕೇಳುವವರು ಬೆಂಗಳೂರಿನಿಂದ ಹಿಂದಿನ ದಿನ ಬಂದವರು.

ಅಳತೆಯ ಈ ಕಣ್ಣನ್ನು ತಿರುಗಿಸಿ ಹಿಡಿದ ಕಲಾವಿದೆಯೊಬ್ಬರು ನಮ್ಮ ರಾಜ್ಯದಲ್ಲೇ ಇದ್ದಾರೆ. ಎನ್. ಪುಷ್ಪಮಾಲಾ ಬೆಂಗಳೂರಿನವರು, 1956ರಲ್ಲಿ ಹುಟ್ಟಿದವರು, ಬರೋಡದಲ್ಲಿ ಶಿಲ್ಪಕಲೆ ಕಲಿತವರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆಗೂಡಿ ದಕ್ಷಿಣ ಭಾರತದ ‘ನೇಟಿವ್’ ಹೆಂಗಸರ ಸರಣಿಯೊಂದನ್ನು ಮಾಡಿದರು. ಎಲ್ಲ ಚಿತ್ರಗಳಲ್ಲೂ ಇರುವವರು ಸ್ವತಃ ಪುಷ್ಪಮಾಲಾ. ರವಿವರ್ಮನ ಲಕ್ಷ್ಮಿ ಅವರೇ, ದಖನಿ ಮಿನಿಯೇಚರ್ ಚಿತ್ರದ ಯೋಗಿನಿ ಅವರೇ, ಪೊಲೀಸರು ಹಿಡಿದು ಪತ್ರಿಕೆಗೆ ತೋರಿಸಿದ ಕಳ್ಳಿಯೂ ಅವರೇ. ಬುಡಕಟ್ಟು ಹೆಂಗಸಾಗಿ ಚೌಕಳಿ ಪರದೆಯ ಮುಂದೆ ನಿಂತು ಮೈ ಅಳೆಸಿಕೊಳ್ಳುತ್ತಾರೆ. ಥರ್ಸ್ಟನ್ ಕಾಲದ ಅಧಿಕಾರಿಗಳು ಹಾಗೇ ಫೋಟೊ ತೆಗೆಸುತ್ತಿದ್ದರು. ಇದು ಆತ್ಮಚಿತ್ರವೇ? ಅವರ ‘ನಿಜವಾದ’ ಮುಖ ಯಾವುದರಲ್ಲೂ ಇಲ್ಲ. ಆದರೂ ನಾನು ಹೌದು ಅನ್ನುತ್ತೇನೆ, ಯಾಕೆಂದರೆ ಯಾವ ವೇಷ ತೊಡಬೇಕು, ಯಾವ ಕೋನದಲ್ಲಿ ನಿಲ್ಲಬೇಕು, ಪರದೆಯ ಅಂಚು ಎಲ್ಲಿ ಕಾಣಬೇಕು ಎಂದು ತೀರ್ಮಾನಿಸುವವರು ಅವರೇ. ಹಳೆಯ ಫೋಟೊದಲ್ಲಿ ನಿಂತಿದ್ದ ಹೆಂಗಸಿಗೆ ಆ ತೀರ್ಮಾನ ಇರಲಿಲ್ಲ.

ಹಾಗೆಂದು ಕಂಡದ್ದನ್ನೆಲ್ಲ ಆತ್ಮಚಿತ್ರ ಎಂದು ಕರೆಯುವ ಇತ್ತೀಚಿನ ಚಾಳಿ ನನಗೆ ಹಿಡಿಸದು. ಸಿದ್ದಿ ಹೆಂಗಸರು ಹೊಲಿಯುವ ಕವಂದಿಯ ಬಗ್ಗೆ ಆ ಮಾತು ಬರುತ್ತದೆ, ಅದಕ್ಕೇ ಎಚ್ಚರದಿಂದ ಮಾತಾಡುತ್ತೇನೆ. ಹಳಿಯಾಳ, ಮುಂಡಗೋಡ, ಯಲ್ಲಾಪುರ ಕಡೆಯ ಮನೆಗಳಲ್ಲಿ ನೀವು ಕವಂದಿ ಹೊದ್ದು ಮಲಗಿರಬಹುದು. ಬಯಲುಸೀಮೆಯ ಕೌದಿಯ ಬಳಗದ್ದೇ ಇದು. ಕೆಳಗೆ ಒಂದು ಹಳೆಯ ಸೀರೆ ಹಾಸುತ್ತಾರೆ. ಮೇಲೆ ಹರಿದ ಸೀರೆ, ಲುಂಗಿ, ಫ್ರಾಕು, ಶಾಲೆಯ ಯೂನಿಫಾರಂ ತುಂಡುಗಳು. ಒಂದು ಅಂಚಿನಿಂದ ಶುರುಮಾಡಿ ತುಂಡಿನ ಬದಿ ಮಡಿಚುತ್ತ, ಸುತ್ತು ಹಾಕುತ್ತ ಒಳಗೆ ಹೋಗುತ್ತಾರೆ, ಕೊನೆಯ ಹೊಲಿಗೆ ನಡುವೆ ಬೀಳುತ್ತದೆ. ಗೆರೆ ಎಳೆದುಕೊಂಡಿರುವುದಿಲ್ಲ, ಅಳತೆಪಟ್ಟಿ ಇರುವುದಿಲ್ಲ. ದಾರದ ಸಾಲುಗಳು ಒಂದರ ಹಿಂದೆ ಒಂದು ಒತ್ತೊತ್ತಾಗಿ ಬರುವುದರಿಂದ ಬಟ್ಟೆಗೆ ಬೆರಳಾಡಿಸಿದರೆ ಉತ್ತ ಗದ್ದೆಯ ಹಾಗೆ ಏರಿಳಿತ ಸಿಗುತ್ತದೆ. ನಾಲ್ಕು ಮೂಲೆಗೂ ಮಡಿಚಿ ತ್ರಿಕೋನ ಮಾಡಿದ ಚೂರುಗಳನ್ನು ಇಡುತ್ತಾರೆ. ಅವಕ್ಕೆ ಫುಲ ಅನ್ನುತ್ತಾರೆ. ಫುಲ ಇಲ್ಲದ ಕವಂದಿ ಬತ್ತಲೆ ಎಂದು ಅವರ ಮಾತು. ಕ್ರೈಸ್ತ ಸಿದ್ದಿಯರ ಕವಂದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರದರಲ್ಲಿ ಅರ್ಧಚಂದ್ರ ಬರುವುದುಂಟು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಈ ಹೆಂಗಸರ ಜೊತೆ ಕೆಲಸ ಮಾಡಿದರು, 2004ರಲ್ಲಿ ಅವರ ಸಹಕಾರಿ ಗುಂಪೊಂದು ಹುಟ್ಟಿತು, 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಹೊದೆಯುವ ಬಟ್ಟೆ ಗೋಡೆಗೆ ಏರಿತು.

ಕವಂದಿಯಲ್ಲಿ ಮುಖವಿಲ್ಲ. ಹೊಲಿದಾಕೆ ತನ್ನನ್ನು ತೋರಿಸಿಕೊಳ್ಳಲು ಹೊಲಿದದ್ದೂ ಅಲ್ಲ, ಮೊಮ್ಮಗುವಿಗೆ ಚಳಿ ಆಗುತ್ತದೆ ಎಂದು ಹೊಲಿದದ್ದು. ಆದ್ದರಿಂದ ನಾನು ಅದನ್ನು ಆತ್ಮಚಿತ್ರ ಅನ್ನುವುದಿಲ್ಲ. ಆದರೆ ಕೆಂಪಿನ ಪಕ್ಕ ಹಸಿರೋ ಹಳದಿಯೋ, ಈ ಚೂರು ಉದ್ದವಾಯಿತು ಕತ್ತರಿಸಲೋ ಹಾಗೇ ಇರಲೋ ಎಂದು ಸಾವಿರ ಸಲ ಒಬ್ಬಳೇ ನಿರ್ಧರಿಸಿದ ಕೈ ಅದು. ಆ ಕೈಯ ಮಕ್ಕಳಿಗೆ ಪೆನ್ಸಿಲ್ ಕೊಟ್ಟಾಗ ನಾವು ‘ಏನೂ ಬರದವರಿಗೆ’ ಕಲಿಸುತ್ತಿದ್ದೇವೆ ಎಂದು ಭಾವಿಸಿದರೆ ಅದು ನಮ್ಮ ಅಹಂಕಾರ. ಆ ಹುಡುಗಿ ನೀಲಿ ಕೆರೆದು ಕಂದು ತೆಗೆದದ್ದು ಶಾಲೆಯ ವಿದ್ಯೆ ಅಲ್ಲ.

ಮುಂಡಗೋಡದವರು ಈಗ ನನ್ನನ್ನು ಕೇಳಬಹುದು: ತನ್ನನ್ನು ತೋರಿಸಿಕೊಳ್ಳುವುದೇ ಕಲೆಯೇ? ನ್ಯಾಯವಾದ ಪ್ರಶ್ನೆ. 1966ರಲ್ಲಿ ಶುರುವಾದ ಡೋಗುಲಿಂಗ್ ಟಿಬೆಟನ್ ನೆಲೆ ಅವರ ಊರ ಪಕ್ಕದಲ್ಲೇ ಇದೆ, ಗಾಂದೆನ್, ದ್ರೆಪುಂಗ್ ವಿಹಾರಗಳಿವೆ. ಅಲ್ಲಿಯ ಥಂಕಾ ಚಿತ್ರಪರಂಪರೆ ನಾನು ಹೇಳುತ್ತಿರುವುದಕ್ಕೆ ಪೂರಾ ಎದುರು. ಬುದ್ಧನ ಮುಖಕ್ಕೆ ಇಂತಿಷ್ಟು ಬೆರಳಗಲ, ಹುಬ್ಬಿನಿಂದ ಮೂಗಿಗೆ ಇಂತಿಷ್ಟು ಎಂದು ಲೆಕ್ಕವಿದೆ. ಮೊದಲು ನಡುಗೆರೆ, ಆಮೇಲೆ ಚೌಕಗಳು, ಆಮೇಲೆ ರೂಪ, ಎಲ್ಲಕ್ಕಿಂತ ಕೊನೆಗೆ ಕಣ್ಣು ಬಿಡಿಸುವುದು. ಬರೆದವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ‘ನಾನು’ ಎಂಬುದೇ ಭ್ರಮೆ ಎನ್ನುವ ಧರ್ಮದಲ್ಲಿ ಆತ್ಮಚಿತ್ರಕ್ಕೆ ಏನು ಕೆಲಸ? ಇದಕ್ಕೆ ನನ್ನಲ್ಲಿ ಜಾಣ ಉತ್ತರವಿಲ್ಲ, ಉತ್ತರ ಬೇಕೆಂದೂ ಅನಿಸುವುದಿಲ್ಲ. ಎರಡು ದಾರಿಗಳೂ ಒಂದೇ ತಾಲ್ಲೂಕಿನಲ್ಲಿ ಇರಲಿ. ಒಂದನ್ನು ಮಾತ್ರ ಗಮನಿಸಿ: ಥಂಕಾದ ಚೌಕಗಳು ದೇವರನ್ನು ಅಳೆಯುವಂಥವು, ಜನರನ್ನು ಅಳೆಯುವಂಥವಲ್ಲ.

ನಮ್ಮ ಹಳೆಯ ಶಿಲ್ಪಿಗಳು ಈ ಎರಡು ದಾರಿಗಳ ನಡುವೆ ನಿಂತವರು. ಮುಂಡಗೋಡದಿಂದ ಬನವಾಸಿ ದಾಟಿ ಹೋದರೆ ಸಿಗುವ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಬೇಲೂರಿನ ಗುಡಿಗೆ ಹೋಗಿ ಮದನಿಕೆಯರನ್ನು ಕಡೆದು ಕೆಳಗೆ ಹೆಸರು ಕೆತ್ತಿದರು. ಕೆಲಸ ತಮ್ಮದು ಎಂಬ ಹೆಮ್ಮೆ ಇತ್ತು. ಕನ್ನಡಿ ಹಿಡಿದ ದರ್ಪಣಸುಂದರಿಯನ್ನೂ ಆ ಗುಡಿಯಲ್ಲಿ ನಿಲ್ಲಿಸಿದ್ದಾರೆ. ಶಿಲ್ಪಿ ಮಾತ್ರ ಆ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲಿಲ್ಲ.

ರವೀಂದ್ರನಾಥ ಟಾಗೋರರನ್ನು ಇಲ್ಲಿ ನೆನೆಯಲು ಒಂದು ಸ್ಥಳೀಯ ಕಾರಣವಿದೆ. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ತರುಣ ರವೀಂದ್ರರು ಅಲ್ಲಿ ಬಂದು ಉಳಿದಿದ್ದರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿದ್ದರು. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ, ದಾಂಡೇಲಿ ಹಾಯ್ದು ಹೋಗುವ ಅದೇ ಕಾಳಿ. ಆಗ ಅವರು ಕವಿ. ಚಿತ್ರ ಬರೆಯುವುದನ್ನು ಗಂಭೀರವಾಗಿ ಹಿಡಿದದ್ದು ಅರವತ್ತು ದಾಟಿದ ಮೇಲೆ, 1930ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ. ಆಮೇಲಿನ ವರ್ಷಗಳಲ್ಲಿ ಅವರು ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. ತಮ್ಮದೇ ಭಾವಚಿತ್ರದ ಅಚ್ಚಾದ ಪ್ರತಿಗಳನ್ನು ಎಳೆದುಕೊಂಡು ಅವುಗಳ ಮೇಲೆ ಶಾಯಿ, ಬಣ್ಣ ಗೀಚಿ ಮುಖವನ್ನೇ ಬದಲಾಯಿಸಿದರು. ಜಗತ್ತೆಲ್ಲ ಗೋಡೆಗೆ ಹಾಕಿಕೊಂಡಿದ್ದ ಆ ಗಡ್ಡದ ಋಷಿಯ ಮುಖ ಅವರಿಗೇ ಸಾಕಾಗಿರಬೇಕು. ಜನ ತಮ್ಮನ್ನು ನೋಡಿದ ರೀತಿಯ ಮೇಲೆ ತಮ್ಮ ಗೆರೆ ಎಳೆದರು. ನೊಬೆಲ್ ಪಡೆದ ಕವಿಗೂ ಹಳಿಯಾಳದ ಏಳನೆಯ ಇಯತ್ತೆಯ ಹುಡುಗಿಗೂ ಈ ಮಟ್ಟಿಗೆ ಒಂದೇ ಕೆಲಸ.

ಸೆಲ್ಫಿಯನ್ನು ಬೈಯಲು ನಾನು ಬಂದಿಲ್ಲ. ಕಾಳಿಯಲ್ಲಿ ರಾಫ್ಟಿಂಗ್ ಮಾಡಿ, ಸೂಪಾ ಅಣೆಕಟ್ಟೆಯ ಮುಂದೆ ನಿಂತು ನಾನೂ ತೆಗೆದುಕೊಂಡಿದ್ದೇನೆ. ಹೋಲಿಕೆಯ ಮಟ್ಟಿಗೆ ಫೋನು ನಮಗಿಂತ ಮುಂದಿದೆ. ಆದರೆ ಅದು ಮೂಗು, ಕಿವಿ, ಹಿಂದಿನ ಲೈಟು ಕಂಬ ಎಲ್ಲಕ್ಕೂ ಒಂದೇ ಸಮ ಗಮನ ಕೊಡುತ್ತದೆ, ಆಮೇಲೆ ನಾವು ಬ್ಯೂಟಿ ಫಿಲ್ಟರ್ ಒತ್ತಿದರೆ ಎಲ್ಲರನ್ನೂ ಆ ಸವೆಯದ ಕಡ್ಡಿಯ ಬಣ್ಣಕ್ಕೆ ತಿರುಗಿಸುತ್ತದೆ. ಪೆನ್ಸಿಲ್ ಹಾಗೆ ಮಾಡಲಾರದು. ಅದು ನಿಧಾನ, ಅದಕ್ಕೆ ಆಯ್ಕೆ ಮಾಡಲೇಬೇಕು.

ಶಿಕ್ಷಕರಿಗೆ ಕೆಲಸದ ಮಾತು. ಅಂಗೈ ಅಗಲದ ಪ್ಲಾಸ್ಟಿಕ್ ಚೌಕಟ್ಟಿನ ಕನ್ನಡಿ ಸಂತೆಯಲ್ಲಿ ಸಿಗುತ್ತದೆ, ಇಬ್ಬರಿಗೆ ಒಂದು ಸಾಕು. ರಬ್ಬರ್ ಕೊಡಬೇಡಿ, ಕೊಟ್ಟರೆ ಪೀರಿಯಡ್ಡು ಪೂರ್ತಿ ಒರೆಸುತ್ತಾರೆ. ‘ಚೆಂದ ಬರೆ’ ಅನ್ನಬೇಡಿ. ‘ನಿನ್ನ ಹುಬ್ಬು ಎಲ್ಲಿ ಮುಗಿಯುತ್ತದೆ, ನೋಡಿ ಹೇಳು’ ಅನ್ನಿ. ಕಂದು ಬಣ್ಣವನ್ನು ಹೆಚ್ಚು ತರಿಸಿ, ಬೇಗ ಮುಗಿಯುತ್ತದೆ. ಮಗು ಮುಖ ಬರೆಯಲು ಒಲ್ಲದಿದ್ದರೆ ಒತ್ತಾಯ ಬೇಡ, ಕೈ ಬರೆಯಲಿ, ಚಪ್ಪಲಿ ಬರೆಯಲಿ, ಎಮ್ಮೆ ಬರೆಯಲಿ. ಬರೆದ ಚಿತ್ರವನ್ನು ನೋಟಿಸ್ ಬೋರ್ಡಿಗೆ ಹಾಕುವ ಮುಂಚೆ ಬರೆದವರನ್ನು ಕೇಳಿ.

ಇನ್ನೊಂದು. 1484ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಅಕ್ಕಸಾಲಿಗನ ಮಗನೊಬ್ಬ, ಹದಿಮೂರು ವರ್ಷದವನು, ಬೆಳ್ಳಿಯ ಕಡ್ಡಿಯಿಂದ ಕನ್ನಡಿ ನೋಡಿ ತನ್ನನ್ನು ಬರೆದ. ಅವನ ಹೆಸರು ಆಲ್ಬ್ರೆಕ್ಟ್ ಡ್ಯೂರರ್. ದೊಡ್ಡವನಾದ ಮೇಲೆ ಆ ಹಾಳೆಯ ಮೇಲೆ ತಾನೇ ಬರೆದಿಟ್ಟ: ಇದನ್ನು ಇಂಥ ವರ್ಷ, ಹುಡುಗನಾಗಿದ್ದಾಗ, ಕನ್ನಡಿಯಿಂದ ಬರೆದೆ ಎಂದು. ಹಾಳೆ ಇಂದು ವಿಯೆನ್ನಾದಲ್ಲಿದೆ. ನಮ್ಮ ಮಕ್ಕಳ ಶೀಟುಗಳು ಮಾರ್ಚ್ ಮುಗಿಯುತ್ತಲೇ ರದ್ದಿಗೆ ಹೋಗುತ್ತವೆ. ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1959ರಿಂದ ಕಾಗದ ಮಾಡುತ್ತಿದೆ, ಈ ಕಾಡಿನ ಬಿದಿರು ಎಷ್ಟೋ ವರ್ಷ ಅದರ ಹಂಡೆಗಳಲ್ಲಿ ಬೆಂದಿದೆ. ಕಾಗದಕ್ಕೆ ಇಷ್ಟು ಬೆಲೆ ತೆತ್ತ ಊರಿನಲ್ಲಿ ನಾಲ್ಕು ತಾಲ್ಲೂಕಿನ ಮಕ್ಕಳು ತಮ್ಮನ್ನು ತಾವು ಬರೆದುಕೊಂಡ ಒಂದು ಕಟ್ಟು ಹಾಳೆ ಉಳಿಸಲು ಒಂದು ಕಪಾಟು ಸಿಗಬೇಕು. ಹಿಂಬದಿಗೆ ತಾರೀಖು, ವಯಸ್ಸು, ಊರು ಬರೆಸಿ. ಜಾತಿ ಬರೆಸಬೇಡಿ, ಅದನ್ನು ಗ್ಯಾಸೆಟಿಯರ್ ಬರೆದಾಗಿದೆ.

ದತ್ತಿಯ ಬಡ್ಡಿ ಎಷ್ಟು ಬರುತ್ತದೆ ಎಂದು ಕಾರ್ಯದರ್ಶಿಗಳನ್ನು ಆಗಲೇ ಕೇಳಿಕೊಂಡಿದ್ದೇನೆ. ಮುಂದಿನ ವರ್ಷದ ಉಪನ್ಯಾಸಕರಿಗೆ ಶಾಲು, ಹಾರ, ಫಲತಾಂಬೂಲ ಬೇಡ ಎಂದು ಈಗಲೇ ಹೇಳಿಬಿಡಿ. ಆ ದುಡ್ಡಿಗೆ ನಲವತ್ತು ಕನ್ನಡಿಯಾದರೂ ಬರುತ್ತವೆ.